ಇಳಿಸಿದ ಹಳೇ ಕಾರಿಗೆ ಯಾವ ವೀಲು, ಯಾವ ಟೈರು?

(ಹಳೇ ಕಾರುಗಳ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಇಳಿಸಿದ ಕಾರು ಅಂದರೆ ಸಸ್ಪೆನ್ಷನ್ ಬದಲಿಸಿ ನೆಲಕ್ಕೆ ಹತ್ತಿರ ತಂದ ಕಾರು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೈಕ್ ಹಿಡಿಯುವ ಮೊದಲೇ ಒಬ್ಬರು ಕೇಳಿಬಿಟ್ಟರು, "ಸರ್, ಕಾರು ಇಳಿಸಿದ್ದೀನಿ, 17 ಇಂಚಿನ ವೀಲು ಕೂರುತ್ತಾ?" ಕೂರುತ್ತೆ. ನಿಂತಿರುವ ಕಾರಿಗೆ ಏನು ಹಾಕಿದರೂ ಹೆಚ್ಚುಕಡಿಮೆ ಕೂರುತ್ತೆ. ಬೋಲ್ಟ್ ಬಿಗಿಯಬಹುದು, ಫೋಟೋ ತೆಗೆಯಬಹುದು, ನೋಡಲು ಚೆನ್ನಾಗೇ ಇರುತ್ತದೆ. ಆಮೇಲೆ ಹಿಂದಿನ ಸೀಟಿಗೆ ಇಬ್ಬರು ಹತ್ತುತ್ತಾರೆ. ಡಿಕ್ಕಿಗೆ ಎರಡು ಬ್ಯಾಗ್ ಬೀಳುತ್ತವೆ. ತಿರುವಿನಲ್ಲೇ ಒಂದು ಗುಂಡಿ ಸಿಗುತ್ತದೆ. ಸರ್ರ್ ಅಂತ ಸದ್ದು. ಟೈರಿನ ಭುಜ (ನೆಲಕ್ಕೆ ತಾಗುವ ಭಾಗವೂ ಪಕ್ಕದ ಗೋಡೆಯೂ ಸೇರುವ ಮೂಲೆ) ಮಡ್‌ಗಾರ್ಡಿನ ಅಂಚಿಗೆ ಉಜ್ಜಿದ ಸದ್ದು ಅದು.

ಹಾಗಾಗಿ ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ. ವೀಲು, ಟೈರಿನ ಅಳತೆಯನ್ನು ಕಾರು ನಿಂತಿದ್ದಾಗ ನೋಡಿ ಆರಿಸಬೇಡಿ. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ, ಸ್ಟೇರಿಂಗ್ ಪೂರ್ತಿ ತಿರುಗಿದಾಗ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಿ ಆರಿಸಿ.

ಕಾರು ಇಳಿಸಿದಾಗ ನಿಜಕ್ಕೂ ಏನು ಬದಲಾಗುತ್ತದೆ? ಇಲ್ಲೊಂದು ತಮಾಷೆ ಇದೆ. ಬರೀ ಗಿಡ್ಡ ಸ್ಪ್ರಿಂಗ್ ಹಾಕಿ, ಬಂಪ್ ಸ್ಟಾಪನ್ನು (ವೀಲು ಮೇಲೇರುವುದನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡನ್ನು) ಮುಟ್ಟದೆ ಬಿಟ್ಟಿದ್ದರೆ, ವೀಲು ಮೇಲೇರಬಹುದಾದ ತುದಿ ಮೊದಲು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಕಂಪನಿಯಿಂದ ಬಂದ ಎತ್ತರದಲ್ಲೂ ದೊಡ್ಡ ಗುಂಡಿಗೆ ಬಿದ್ದರೆ ವೀಲು ಅಲ್ಲಿಯವರೆಗೆ ಹೋಗುತ್ತಿತ್ತು. ಈಗ 40 ಮಿ.ಮೀ. ಇಳಿಸಿದ ಮೇಲೆ ವೀಲು ಆ ತುದಿಗೆ ಮೊದಲಿಗಿಂತ 40 ಮಿ.ಮೀ. ಹತ್ತಿರದಲ್ಲೇ ಓಡಾಡುತ್ತಿರುತ್ತದೆ. ಅಪರೂಪಕ್ಕೆ ಆಗುತ್ತಿದ್ದದ್ದು ಈಗ ದಿನಾ ಆಗುತ್ತದೆ. ಬಂಪ್ ಸ್ಟಾಪ್ ಕತ್ತರಿಸಿದ್ದರೆ, ಅಥವಾ ಬಾಡಿ ಗಿಡ್ಡ ಇರುವ ಕಾಯಿಲೋವರ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿದ್ದು ಎತ್ತರ ಹೊಂದಿಸಬಹುದಾದ ಜೋಡಣೆ) ಹಾಕಿದ್ದರೆ ಲೆಕ್ಕ ಬೇರೆ. ಆಗ ಆ ತುದಿಯೇ ಮೇಲಕ್ಕೆ ಹೋಗುತ್ತದೆ. ಕಾರು ಮಾಡಿದವರು ವೀಲಿಗೆ ಅಂತ ಬಿಡದೇ ಇದ್ದ ಜಾಗಕ್ಕೆ ವೀಲು ನುಗ್ಗುತ್ತದೆ. ಸ್ಪ್ರಿಂಗ್ ಮಾತ್ರ ಬದಲಿಸಿದ ಕಾರಿಗೂ ಕಾಯಿಲೋವರ್ ಹಾಕಿದ ಕಾರಿಗೂ ಒಂದೇ ವೀಲಿನ ಅಳತೆ ಒಪ್ಪುವುದಿಲ್ಲ. ಬೇರೆಯವರ ಅಳತೆ ಕೇಳಿ ತಂದವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಎರಡನೆಯದು, ವೀಲು ನೇರವಾಗಿ ಮೇಲೇರುವುದಿಲ್ಲ. ಬಿಎಂಡಬ್ಲ್ಯೂ ಇ30 ಥರದ ಕಾರಿನ ಹಿಂದಿನ ಸಸ್ಪೆನ್ಷನ್ ಕುಗ್ಗುತ್ತಾ ಹೋದಂತೆ ವೀಲಿನ ತಲೆ ಒಳಕ್ಕೆ ವಾಲುತ್ತದೆ. ಮಡ್‌ಗಾರ್ಡಿಗೆ ಅದು ಒಳ್ಳೆಯದು, ಟೈರಿಗೆ ಅಷ್ಟು ಒಳ್ಳೆಯದಲ್ಲ. ಎರಡನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫಿನ ಹಿಂಭಾಗದಲ್ಲಿ ಟಾರ್ಷನ್ ಬೀಮ್, ಅಂದರೆ ಎರಡೂ ಕಡೆಯನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ ಇದೆ. ಎರಡೂ ಕಡೆ ಸಮನಾಗಿ ಇಳಿಸಿದರೆ ಅಲ್ಲಿ ವಾಲುವುದು ಸುಮಾರಾಗಿ ಇಲ್ಲವೇ ಇಲ್ಲ. ಮಡ್‌ಗಾರ್ಡ್ ತಪ್ಪಿಸಿಕೊಳ್ಳಲು ಯಾವ ಸಹಾಯವೂ ಸಿಗುವುದಿಲ್ಲ. ಇನ್ನು ಹಿಂದೆ ಗಟ್ಟಿ ಆಕ್ಸಲ್ ಇದ್ದು, ಅದನ್ನು ಅಡ್ಡಕ್ಕೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಇದ್ದರೆ, ಕಾರು ಇಳಿಸಿದಾಗ ಆಕ್ಸಲ್ ಇಡೀ ಒಂದು ಪಕ್ಕಕ್ಕೆ ಸ್ವಲ್ಪ ಸರಿಯುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಡಗಡೆ ಬೆರಳು ಹೋಗುತ್ತದೆ, ಬಲಗಡೆ ಹೋಗುವುದಿಲ್ಲ. ಎಷ್ಟೋ ಜನ ಬಾಡಿ ಸೊಟ್ಟ ಅಂದುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ಆಕ್ಸಲನ್ನು ಮಧ್ಯಕ್ಕೆ ತಂದ ಮೇಲೆಯೇ ಟೇಪ್ ಹಿಡಿಯಿರಿ.

ಈಗ ಟೈರಿನ ಎತ್ತರ. ಉದಾಹರಣೆಗೆ ಅದೇ ಗಾಲ್ಫನ್ನು ಇಟ್ಟುಕೊಳ್ಳೋಣ, ಜಿಟಿಐ ಮಾದರಿ. ಅದರ ಟೈರು 185/60 ಆರ್14. ಅಗಲ 185 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅದರ 60 ಶೇಕಡಾ, ಅಂದರೆ 111. ಮೇಲೊಂದು, ಕೆಳಗೊಂದು, ಮಧ್ಯೆ 14 ಇಂಚು, ಅಂದರೆ 355.6. ಕೂಡಿದರೆ ಒಟ್ಟು ಎತ್ತರ ಸುಮಾರು 578 ಮಿ.ಮೀ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬೇರೆ ಎಲ್ಲವನ್ನೂ ಇದರ ಪಕ್ಕ ಇಟ್ಟು ನೋಡಬೇಕು.

195/50 ಆರ್15 ತೆಗೆದುಕೊಂಡರೆ 576. ಹೆಚ್ಚುಕಡಿಮೆ ಅಷ್ಟೇ. ಈ ಅಳತೆ ಇಷ್ಟೊಂದು ಹಳೇ ಸಣ್ಣ ಕಾರುಗಳಲ್ಲಿ ಕಾಣುವುದು ಸುಮ್ನೆ ಅಲ್ಲ. 205/40 ಆರ್17 ಹಾಕಿದರೆ 596. 18 ಮಿ.ಮೀ. ದೊಡ್ಡದು. ಟೈರಿನ ತಲೆ ಮಡ್‌ಗಾರ್ಡಿಗೆ 9 ಮಿ.ಮೀ. ಹತ್ತಿರ ಬರುತ್ತದೆ. ಜತೆಗೆ ಕಾರೂ ನೆಲದಿಂದ 9 ಮಿ.ಮೀ. ಮೇಲೇಳುತ್ತದೆ. ಕಷ್ಟಪಟ್ಟು 40 ಇಳಿಸಿದ್ದರಲ್ಲಿ 9 ವಾಪಸ್ ಹೋಯಿತು, ಮೇಲಿನ ಜಾಗವೂ ಕಮ್ಮಿಯಾಯಿತು. ಎರಡೂ ಕಡೆಯಿಂದ ನಷ್ಟ ಅಲ್ವಾ? ದೊಡ್ಡ ವೀಲಿನಿಂದ ಕಾರು ಕೆಳಗೆ ಕಂಡ ಹಾಗೆ ಆಗುತ್ತದೆ ಅನ್ನುವುದು ನಿಜ. ಆದರೆ ಅಲ್ಲಿ ಕಾಣುತ್ತಿರುವುದು ರಿಮ್, ಕಾರು ಇಳಿದಿರುವುದಲ್ಲ.

ಇನ್ನೊಂದು ದಾರಿ 195/45 ಆರ್15. ಅದು 556.5 ಮಿ.ಮೀ. ಜಾಗ ಬೇಕಾದಷ್ಟು ಸಿಗುತ್ತದೆ, ಕಾರು ಇನ್ನೂ 10 ಮಿ.ಮೀ. ಇಳಿಯುತ್ತದೆ. ಆದರೆ ಆಯಿಲ್ ಸಂಪ್ ಕೂಡ ಅಷ್ಟೇ ಇಳಿಯುತ್ತದೆ. ಅದೇ ಗೇರಿನಲ್ಲಿ ಅದೇ ವೇಗಕ್ಕೆ ಇಂಜಿನ್ ಸುಮಾರು 4 ಶೇಕಡಾ ಜಾಸ್ತಿ ತಿರುಗುತ್ತದೆ. ಸ್ಪೀಡೋಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಜಾಸ್ತಿ ತೋರಿಸುವುದು ಒಂದು ಮಟ್ಟಿಗೆ ಪರವಾಗಿಲ್ಲ. ಕಮ್ಮಿ ತೋರಿಸುವುದು ಆಗಲ್ಲ. ಬಹಳ ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲೂ ಇರುವುದು ಅದೇ: ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಕೂಡದು. ದೊಡ್ಡ ಟೈರ್ ಹಾಕಿದಾಗ ಆಗುವುದು ಅದೇ ತಪ್ಪು.

ಟೈರಿನ ಮೇಲೆ ಅಳತೆಯ ಪಕ್ಕ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ, 82ಎಚ್ ಅಂತ. 82 ಅಂದರೆ ಒಂದು ಟೈರು 475 ಕೆ.ಜಿ. ಹೊರುತ್ತದೆ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ಸರಿ. ಹೊಸ ಟೈರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಮ್ಮಿ ಇರಬಾರದು. ಇಲ್ಲಿ ಸಣ್ಣದೊಂದು ಗುಟ್ಟಿದೆ. ಸೈಡ್‌ವಾಲ್ ಗಿಡ್ಡ ಇರುವ ಟೈರುಗಳಲ್ಲಿ 84 ಎಕ್ಸ್‌ಎಲ್ ಅಂತ ಬರುತ್ತದೆ, ಅಂದರೆ ಹೆಚ್ಚು ಭಾರ ಹೊರುವ ಟೈರು. 84 ಅಂದರೆ 500 ಕೆ.ಜಿ., ಓ ಒಳ್ಳೆಯದೇ ಆಯ್ತು ಅಂದುಕೊಳ್ಳುತ್ತೇವೆ. ಆದರೆ ಮಾಮೂಲಿ ಟೈರು ತನ್ನ ಪೂರ್ತಿ ತೂಕ ಹೊರುವುದು 36 ಪಿಎಸ್‌ಐ ಗಾಳಿಯಲ್ಲಿ, ಎಕ್ಸ್‌ಎಲ್ ಟೈರು 42ರಲ್ಲಿ. ಹಳೇ ಟೈರಿಗೆ ಹಾಕುತ್ತಿದ್ದಷ್ಟೇ ಗಾಳಿ ಹಾಕಿದರೆ ಈ 84ರ ಟೈರು ಆ 82ರದಕ್ಕಿಂತ ಕಮ್ಮಿ ತೂಕವನ್ನೇ ಹೊರುತ್ತದೆ. ಗಾಳಿ ಜಾಸ್ತಿ ಹಾಕಬೇಕು. ಹಾಕಿದರೆ ಸವಾರಿ ಇನ್ನೂ ಗಡುಸಾಗುತ್ತದೆ. ಇಳಿಸಿದ ಕಾರು ಮೊದಲೇ ಗಡುಸು. ನನ್ನ ಕೇಳಿದರೆ, 14 ಇಂಚಿನ ಕಾಲದ ಕಾರಿಗೆ 15 ಸಾಕು, ಬಹಳ ಆಸೆಯಾದರೆ 16. 17 ಹಾಕಿಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬೆನ್ನು, ಅವರ ರಿಮ್ಮು.

ಅಗಲಕ್ಕೆ ಬರೋಣ. ಸಮಯವೆಲ್ಲ ಹೋಗುವುದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ.

ವೀಲಿನ ಮೇಲೆ 6ಜೆ, ಇಟಿ38 ಅಂತ ಬರೆದಿರುತ್ತದೆ. 6ಜೆ ಅಂದರೆ ಟೈರು ಕೂರುವ ಜಾಗದ ಅಗಲ 6 ಇಂಚು. ಇಟಿ ಅಂದರೆ ಆಫ್‌ಸೆಟ್: ವೀಲಿನ ಅಗಲದ ನಟ್ಟನಡುವಿನಿಂದ, ಹಬ್ಬಿಗೆ (ಕಾರಿನಲ್ಲಿ ವೀಲನ್ನು ಬಿಗಿಯುವ ಭಾಗಕ್ಕೆ) ತಾಗುವ ಮುಖ ಎಷ್ಟು ಮಿ.ಮೀ. ಹೊರಗಡೆ ಇದೆ ಅನ್ನುವುದು. ಇಟಿ ಜಾಸ್ತಿ ಆದಷ್ಟೂ ವೀಲು ಒಳಕ್ಕೆ ಹೋಗುತ್ತದೆ, ಕಮ್ಮಿ ಆದಷ್ಟೂ ಹೊರಕ್ಕೆ ಬರುತ್ತದೆ. ಜನ ಇಟಿ ಒಂದನ್ನೇ ಹಿಡಿದುಕೊಂಡು ಮಾತಾಡುತ್ತಾರೆ. ಅಗಲ ಹೇಳದೆ ಇಟಿ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ.

ಲೆಕ್ಕ ಮಾಡಿಯೇ ನೋಡೋಣ. ಈ ಗಾಲ್ಫಿನ ವೀಲು 6ಜೆ, ಇಟಿ38. 6 ಇಂಚಿನ ಅರ್ಧ 76.2 ಮಿ.ಮೀ. ಒಳಬದಿ ತಿಳಿಯಲು ಇದಕ್ಕೆ ಇಟಿ ಕೂಡಿಸಿ: 114.2. ಹೊರಬದಿಗೆ ಕಳೆಯಿರಿ: 38.2. ಈಗ ಯಾರೋ 7ಜೆ, ಇಟಿ35 ವೀಲು ತೋರಿಸುತ್ತಾರೆ. ಇಟಿಯಲ್ಲಿ ಬರೀ 3ರ ವ್ಯತ್ಯಾಸ, ಏನಾಗುತ್ತೆ ಬಿಡಿ ಅನಿಸುತ್ತದೆ. 7 ಇಂಚಿನ ಅರ್ಧ 88.9. ಒಳಬದಿ 123.9, ಹೊರಬದಿ 53.9. ಅಂದರೆ ಒಳಗೆ ಸ್ಟ್ರಟ್ಟಿನ (ವೀಲಿನ ಒಳಬದಿಗೆ ನಿಂತಿರುವ ಸಸ್ಪೆನ್ಷನ್ ಕಂಬದ) ಕಡೆಗೆ 9.7 ಮಿ.ಮೀ. ಹೋಯಿತು, ಹೊರಗೆ ಮಡ್‌ಗಾರ್ಡಿನ ಕಡೆಗೆ 15.7 ಮಿ.ಮೀ. ಬಂತು. ಈಗ ಹೋಗಿ ನಿಮ್ಮ ಕಾರಿನಲ್ಲಿ ಒಳಗೆ 10, ಹೊರಗೆ 16 ಇದೆಯಾ ನೋಡಿ. ಇಷ್ಟೇ ಗಣಿತ. ಒಂದು ಚೀಟಿಯ ಹಿಂದೆ ಮುಗಿಯುತ್ತದೆ.

ಇದು ರಿಮ್ಮಿನ ಲೆಕ್ಕ. ಟೈರಿನದು ಬೇರೆ. ಅದೇ ಟೈರನ್ನು ಅರ್ಧ ಇಂಚು ಹೆಚ್ಚು ಅಗಲದ ರಿಮ್ಮಿಗೆ ಹಾಕಿದರೆ ಟೈರಿನ ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ. ಜತೆಗೆ ಒಂದು ಕಂಪನಿಯ 195 ಇನ್ನೊಂದರ 195ರ ಹಾಗೆ ಇರುವುದಿಲ್ಲ. ಒಂದರ ಭುಜ ದುಂಡಗೆ, ಇನ್ನೊಂದರದು ಚೌಕ. ರಿಮ್ ಉಳಿಸಲು ಕೆಲವದರಲ್ಲಿ ರಬ್ಬರಿನ ತುಟಿ ಬೇರೆ ಇರುತ್ತದೆ. ಮಡ್‌ಗಾರ್ಡಿಗೆ ಮೊದಲು ತಾಗುವುದು ಭುಜ. ದುಂಡು ಭುಜದ ಟೈರ್ ಸಲೀಸಾಗಿ ತಿರುಗಿದ ಜಾಗದಲ್ಲಿ ಅದೇ ಅಳತೆಯ ಚೌಕ ಭುಜದ್ದು ಉಜ್ಜುತ್ತದೆ.

ಒಳಗೂ ಹೊರಗೂ ಒಂದೇ ಅಂತರ ಬೇಕಾಗಿಲ್ಲ ಅನ್ನುವುದನ್ನು ಬಹಳ ಜನ ಯೋಚಿಸಿರುವುದಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಸ್ಟ್ರಟ್ಟಿನ ಕೆಳಭಾಗ ವೀಲಿನ ಜತೆಗೇ ಮೇಲೆ ಕೆಳಗೆ ಹೋಗುತ್ತದೆ. ಹಾಗಾಗಿ ಅಲ್ಲಿ ನಿಂತಾಗ 5 ಮಿ.ಮೀ. ಇದ್ದರೆ ಗುಂಡಿಯಲ್ಲೂ ಸುಮಾರಾಗಿ ಅಷ್ಟೇ ಇರುತ್ತದೆ. ನನಗೆ ಅಷ್ಟು ಸಾಕು. ಆದರೆ ಸ್ಪ್ರಿಂಗ್ ಕೂರುವ ತಟ್ಟೆ ಎಲ್ಲಿದೆ ನೋಡಿ. ಕಾಯಿಲೋವರನ್ನು ತೀರಾ ಕೆಳಗೆ ತಿರುಗಿಸಿದರೆ ಆ ತಟ್ಟೆ ಟೈರಿನ ಪಕ್ಕಕ್ಕೇ ಇಳಿಯುತ್ತದೆ. ಮಡ್‌ಗಾರ್ಡ್ ಮಾತ್ರ ಬಾಡಿಯ ಭಾಗ, ವೀಲಿನ ಜತೆ ಬರುವುದಿಲ್ಲ. ಅಲ್ಲಿ ಜಾಸ್ತಿ ಜಾಗ ಬೇಕು.

ಕ್ಯಾಂಬರ್ ಕೊಟ್ಟು, ಅಂದರೆ ವೀಲಿನ ತಲೆಯನ್ನು ಒಳಕ್ಕೆ ವಾಲಿಸಿ, ತಪ್ಪಿಸಿಕೊಳ್ಳುವವರು ಇದ್ದಾರೆ. ಈ 578 ಮಿ.ಮೀ. ಟೈರಿನಲ್ಲಿ 1 ಡಿಗ್ರಿ ವಾಲಿಸಿದರೆ ತಲೆ ಸುಮಾರು 5 ಮಿ.ಮೀ. ಒಳಕ್ಕೆ ಹೋಗುತ್ತದೆ. ಆದರೆ ಎಲ್ಲಿಂದ ವಾಲಿಸಿದಿರಿ ಅನ್ನುವುದು ಮುಖ್ಯ. ಸ್ಟ್ರಟ್ಟಿನ ಕೆಳಗಿನ ಬೋಲ್ಟಿನಲ್ಲಿ ಹೊಂದಿಸಿದರೆ ಟೈರು ಸ್ಟ್ರಟ್ಟಿಗೇ ಹತ್ತಿರವಾಗುತ್ತದೆ. ಮೇಲಿನ ಮೌಂಟಿನಲ್ಲಿ ಹೊಂದಿಸಿದರೆ ಸ್ಟ್ರಟ್ಟೂ ವೀಲೂ ಒಟ್ಟಿಗೆ ವಾಲುತ್ತವೆ, ಮಧ್ಯದ ಅಂತರ ಹಾಗೇ ಉಳಿಯುತ್ತದೆ. ಟೈರಿನ ಒಳ ಅಂಚು ಬೇಗ ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ಹೆಚ್ಚಿನ ಸಲ ತಿನ್ನುತ್ತಿರುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ವೀಲುಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಹೊಸ ಟೈರ್ ಹಾಕುವುದಂತೂ ಬೇಡವೇ ಬೇಡ.

ಇಟಿ ಕಮ್ಮಿ ಮಾಡಿ ವೀಲನ್ನು ಹೊರಕ್ಕೆ ತಂದರೆ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಅದರ ಬೆಲೆ ಸ್ಟೇರಿಂಗಿನಲ್ಲಿ ತೆರಬೇಕು. ವೀಲು ತಿರುಗುವ ಅಕ್ಷದ ಗೆರೆ ನೆಲಕ್ಕೆ ಒಂದು ಕಡೆ ಮುಟ್ಟುತ್ತದೆ, ಟೈರಿನ ನಡು ಇನ್ನೊಂದು ಕಡೆ. ಇವೆರಡರ ನಡುವಿನ ಅಂತರವೇ ಸ್ಕ್ರಬ್ ರೇಡಿಯಸ್. 1972ರಲ್ಲಿ ಬಂದ ಆಡಿ 80 ಕಾರಿನಲ್ಲಿ ಆ ಗೆರೆ ಟೈರಿನ ನಡುವಿನಿಂದ ಹೊರಗೆ ಬೀಳುವ ಹಾಗೆ ಮಾಡಿದ್ದರು. ಒಂದು ಕಡೆಯ ಬ್ರೇಕ್ ಮಾತ್ರ ಹಿಡಿದರೂ ವೀಲು ತಾನಾಗಿ ಸ್ವಲ್ಪ ತಿರುಗಿ ಕಾರನ್ನು ನೇರ ಇಡುತ್ತದೆ. ಮುಂದೆ ಗಾಲ್ಫಿನಲ್ಲೂ ಇದೇ ಏರ್ಪಾಡು ಬಂತು. ನಾವು 20 ಮಿ.ಮೀ. ಸ್ಪೇಸರ್ (ಹಬ್ಬಿಗೂ ವೀಲಿಗೂ ನಡುವೆ ಇಡುವ ಬಿಲ್ಲೆ) ಹಾಕಿ ವೀಲನ್ನು ಹೊರಕ್ಕೆ ತಳ್ಳಿದರೆ ಇದೆಲ್ಲ ಉಲ್ಟಾ ಆಗುತ್ತದೆ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ಎಳೆಯುತ್ತದೆ, ರಸ್ತೆಯ ಗೀರು ಸಿಕ್ಕ ಕಡೆ ಕಾರು ಓಡುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಪಾರ್ಕ್ ಮಾಡುವಾಗ ತೋಳು ನೋಯುತ್ತದೆ. ಹಾಗಾಗಿ ಅಗಲ ಬೇಕಿದ್ದರೆ ಒಳಗಿರುವ ಜಾಗವನ್ನು ಮೊದಲು ಬಳಸಿ. ಹೊರಗಿನದನ್ನು ಆಮೇಲೆ ಮುಟ್ಟಿ.

ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಚಾಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 195/50 ಆರ್15 ಟೈರಿಗೆ ಒಪ್ಪುವ ರಿಮ್ಮು ಐದೂವರೆಯಿಂದ 7 ಇಂಚು. ಅದಕ್ಕಿಂತ ಅಗಲಕ್ಕೆ ಎಳೆದರೆ ಮಡ್‌ಗಾರ್ಡ್ ಉಳಿಯುತ್ತದೆ, ನಿಜ. ಆದರೆ ರಿಮ್ಮಿನ ಅಂಚು ಬರಿದಾಗುತ್ತದೆ, ಗಾಳಿ ಕಮ್ಮಿಯಾದ ದಿನ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ನಾನು ಹಾಕಿಕೊಡುವುದಿಲ್ಲ.

ಹಬ್ಬಿನ ವಿಷಯ ಬೇಗ ಮುಗಿಸುತ್ತೇನೆ, ಆದರೆ ಜೀವ ನಿಂತಿರುವುದು ಇದರ ಮೇಲೆ. 4 ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟ್ ತೂತುಗಳ ನಡುವಿನ ಮೂಲಕ ಹೋಗುವ ವೃತ್ತದ ವ್ಯಾಸ) ಹಳೇ ಗಾಲ್ಫಿನದೂ ಹೌದು, ಬಿಎಂಡಬ್ಲ್ಯೂ ಇ30ಯದೂ ಹೌದು, ಮೊದಲ ಮಾಜ್ದಾ ಮಿಯಾಟಾದ್ದೂ ಹೌದು, ಆ ಕಾಲದ ಹೋಂಡಾ ಸಿವಿಕ್‌ನದೂ ಹೌದು. ಆದರೆ ಮಧ್ಯದ ತೂತು ಬೇರೆ ಬೇರೆ: ಗಾಲ್ಫ್ ಮತ್ತು ಇ30ಗೆ 57.1, ಸಿವಿಕ್‌ಗೆ 56.1, ಮಿಯಾಟಾಗೆ 54.1. ಗಾಲ್ಫಿನ ವೀಲನ್ನು ಮಿಯಾಟಾಗೆ ರಿಂಗ್ ಹಾಕಿ ಕೂರಿಸಬಹುದು. ಮಿಯಾಟಾದ್ದು ಗಾಲ್ಫಿನ ಹಬ್ಬಿನ ಮೇಲೆ ಹೋಗುವುದೇ ಇಲ್ಲ. ಹಳೇ ಫಿಯಟ್‌ಗಳ ಪಿಸಿಡಿ 98. ನೋಡಲು 100ರ ಹಾಗೇ ಇರುತ್ತದೆ, ಬೋಲ್ಟ್ ಒತ್ತಾಯಕ್ಕೆ ಹಿಡಿಯಲೂ ಹಿಡಿಯುತ್ತದೆ. ಹಾಗೆ ಒತ್ತಾಯ ಮಾಡಬೇಡಿ.

ಬೋಲ್ಟಿನ ತಲೆಯ, ಹೋಂಡಾದಂತೆ ನಟ್ ಇರುವ ಕಾರಾದರೆ ನಟ್ಟಿನ, ವೀಲಿಗೆ ತಾಗುವ ಭಾಗ ನೋಡಿ. ಫೋಕ್ಸ್‌ವ್ಯಾಗನ್ ಮತ್ತು ಹೋಂಡಾದ ಕಂಪನಿ ವೀಲುಗಳಿಗೆ ಅದು ಚೆಂಡಿನ ಹಾಗೆ ದುಂಡು. ಹೊರಗಿನ ಅಲಾಯ್ ವೀಲುಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿಯ ಕೋನ್ ಬೇಕು. ದುಂಡನ್ನು ಕೋನಿನಲ್ಲಿ ಬಿಗಿದರೆ ಒಂದು ಸಣ್ಣ ಗೆರೆಯಷ್ಟೇ ತಾಗಿರುತ್ತದೆ. ಕೆಲವು ದಿನಕ್ಕೆ ಸಡಿಲ. ಸ್ಪೇಸರ್ ಹಾಕಿದ್ದರೆ ಬೋಲ್ಟು ಅದರ ದಪ್ಪದಷ್ಟು ಹೆಚ್ಚು ಉದ್ದ ಬೇಕು. 12 ಮಿ.ಮೀ. ದಪ್ಪದ ಬೋಲ್ಟು 12 ಮಿ.ಮೀ. ಆದರೂ ಹಬ್ಬಿನೊಳಗೆ ಹೋಗಬೇಕು. ಅದರ ಪಿಚ್, ಅಂದರೆ ಒಂದು ಸುತ್ತಿಗೆ ಒಳಹೋಗುವ ದೂರ, 1.5 ಮಿ.ಮೀ. ಆದರೆ 8 ಸುತ್ತು. ಕೈಯಲ್ಲೇ ತಿರುಗಿಸಿ ಎಣಿಸಿ. ತೀರಾ ಉದ್ದವಾದರೂ ಕಷ್ಟ, ಹಿಂದಿನ ಡ್ರಮ್ಮಿನ ಒಳಗಿನ ಭಾಗಗಳಿಗೆ ತುದಿ ತಾಗುತ್ತದೆ.

ಇನ್ನು ಅಳೆಯುವುದು. ಸಾಲ ತಂದಾದರೂ ಒಂದು ವೀಲನ್ನು ಟೈರ್ ಸಮೇತ ಹಾಕಿ ನೋಡಿ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ ನಿಲ್ಲಿಸಿ ಕೈ ಹಾಕಬೇಡಿ. ಸ್ಟ್ರಟ್ ಬಿಚ್ಚಿ, ಕಂಪ್ರೆಸರ್ ಹಾಕಿ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ ಇಟ್ಟು ಸ್ಟ್ರಟ್ ವಾಪಸ್ ಜೋಡಿಸಿ. ಈ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಲಿ ಮಾಡಿಸಿ, ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಅಪಾಯ. ಈಗ ವೀಲು ಹಾಕಿ, ಕೆಳಗಿನ ಆರ್ಮಿಗೆ ಜಾಕ್ ಕೊಟ್ಟು ನಿಧಾನಕ್ಕೆ ಎತ್ತಿ. ಸ್ಪ್ರಿಂಗ್ ಇಲ್ಲದ್ದರಿಂದ ವೀಲು ಸುಲಭವಾಗಿ ಮೇಲೇರುತ್ತದೆ. ಸ್ವಲ್ಪ ಎತ್ತಿದಾಗ ಒಂದು ಸಲ, ಅರ್ಧ ಎತ್ತಿದಾಗ ಒಂದು ಸಲ, ಬಂಪ್ ಸ್ಟಾಪ್ ಒತ್ತಿದಾಗ ಒಂದು ಸಲ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬಾಡಿ ಸ್ಟ್ಯಾಂಡಿನಿಂದ ಏಳುವ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಬಂಪರ್ ಮೂಲೆ, ವೀಲ್ ಆರ್ಚಿನ ಹಿಂಭಾಗ, ಟೈ ರಾಡ್ ತುದಿ, ಆಂಟಿ ರೋಲ್ ಬಾರ್, ಬ್ರೇಕ್ ಹೋಸ್, ಎಲ್ಲ ಕಡೆ ಟಾರ್ಚ್ ಬಿಡಿ. ಸಂಶಯ ಬಂದ ಕಡೆ ಮಕ್ಕಳು ಆಡುವ ಜೇಡಿಯ ಉಂಡೆ ಅಂಟಿಸಿ ಎತ್ತಿದರೆ, ಉಳಿದ ಅಂತರ ಅದರ ದಪ್ಪದಲ್ಲೇ ಸಿಗುತ್ತದೆ. ಮಡ್‌ಗಾರ್ಡಿನ ಅಂಚಿಗೆ ನಾನು 8 ಮಿ.ಮೀ. ಆದರೂ ಬಿಡುತ್ತೇನೆ. ಹಳೇ ಕಾರಿನ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಶ್‌ಗಳು ತಿರುವಿನಲ್ಲಿ ಅಷ್ಟೋ ಇಷ್ಟೋ ಬಗ್ಗುತ್ತವೆ.

ಎರಡು ಮೂರು ಮಿ.ಮೀ. ಸಾಲದೇ ಬಂದರೆ ಅಂಚನ್ನು ಒಳಕ್ಕೆ ಮಡಿಸಬಹುದು. ಹಳೇ ಪೇಂಟ್ ತಣ್ಣಗಿದ್ದಾಗ ಸಿಡಿಯುತ್ತದೆ, ಹೀಟ್ ಗನ್ ಹಿಡಿದು ಬಿಸಿ ಮಾಡುತ್ತಾ ಮಡಿಸಬೇಕು. ಹಿಂದಿನ ಆರ್ಚಿನಲ್ಲಿ ಸಾಮಾನ್ಯವಾಗಿ ಎರಡು ತಗಡು ಸೇರಿಸಿ ಬೆಸೆದಿರುತ್ತಾರೆ. ಮಡಿಸಿದಾಗ ಅವುಗಳ ನಡುವಿನ ಸೀಲರ್ ಬಿರುಕು ಬಿಡುತ್ತದೆ, ನೀರು ಸೇರುತ್ತದೆ, ತುಕ್ಕು ಒಳಗಿಂದ ತಿನ್ನುತ್ತದೆ. ಮಡಿಸಿದ ದಿನವೇ ಹೊಸ ಸೀಲರ್ ಬಳಿದುಬಿಡಿ.

ಪ್ರಶ್ನೆಗಳಲ್ಲಿ ಮೊದಲನೆಯದು: "ಸೆಕೆಂಡ್ ಹ್ಯಾಂಡ್ ವೀಲು ಸಿಕ್ಕಿದೆ, ಇಟಿ ಎಲ್ಲೂ ಬರೆದಿಲ್ಲ. ಏನು ಮಾಡೋದು?" ಮೊದಲು ಸ್ಪೋಕ್‌ಗಳ ಹಿಂಬದಿ, ಹಬ್ ತಾಗುವ ಮುಖದ ಸುತ್ತ ಬ್ರೇಕ್ ಧೂಳು ಉಜ್ಜಿ ನೋಡಿ. ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ಇಲ್ಲದಿದ್ದರೆ ವೀಲನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂದಿನ ಅಂಚಿನ ಮೇಲೆ ನೇರವಾದ ಪಟ್ಟಿ ಅಡ್ಡ ಇಡಿ. ಪಟ್ಟಿಯಿಂದ ಹಬ್ ತಾಗುವ ಮುಖದವರೆಗೆ ಆಳ ಅಳೆಯಿರಿ. ವೀಲಿನ ಪೂರ್ತಿ ಹೊರ ಅಗಲವನ್ನೂ ಅಳೆಯಿರಿ. ಅಂಚುಗಳೂ ಸೇರುವುದರಿಂದ ಇದು ಬರೆದಿರುವ ಜೆ ಅಳತೆಗಿಂತ ಸುಮಾರು 1 ಇಂಚು ಜಾಸ್ತಿ ಬರುತ್ತದೆ. ಆಳದಿಂದ ಈ ಅಗಲದ ಅರ್ಧ ಕಳೆದರೆ ಇಟಿ. ಹೊರ ಅಗಲ 203, ಆಳ 137 ಬಂದರೆ, 137ರಿಂದ 101.5 ಹೋಗಿ 35.5. ಅದು 7ಜೆ, ಇಟಿ35 ವೀಲು.

ಎರಡನೆಯದು: "ವೀಲು ಈಗಲೇ ತಗೊಂಡು, ಕಾರನ್ನು ಆಮೇಲೆ ಇಳಿಸಬಹುದಾ?" ಉಲ್ಟಾ ಮಾಡಿ. ಮೊದಲು ಇಳಿಸಿ, ಸ್ಪ್ರಿಂಗ್ ಕೂತು ಎತ್ತರ ನಿಲ್ಲುವವರೆಗೆ ಕೆಲವು ವಾರ ಹಳೇ ವೀಲಿನಲ್ಲೇ ಓಡಿಸಿ, ಆಮೇಲೆ ಅಳೆದು ವೀಲು ತನ್ನಿ. ಟೈರು ಕೊನೆಗೆ. ಸೆಕೆಂಡ್ ಹ್ಯಾಂಡ್ ವೀಲಿನ ಜತೆ ಬಂದ ಟೈರಾದರೆ ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 3512 ಅಂತ ಇದ್ದರೆ 2012ರ 35ನೇ ವಾರ ಮಾಡಿದ್ದು. ಅಂಥದ್ದನ್ನು ಅಳತೆ ನೋಡಲು ಇಟ್ಟುಕೊಳ್ಳಿ, ಓಡಿಸಲು ಬೇಡ.